ಡಬ್ಬಿಯೊಳಗಿನ ಅಮ್ಮ

ರಗಳೆಯೆಲ್ಲ ಶುರುವಾದದ್ದು ಒಂದೇ ಒಂದು ಸ್ಕ್ರೂ ಉಳಿದದ್ದರಿಂದ.

ಬೆಳಿಗ್ಗೆ ಏಳೂವರೆಗೆ ಅವನು ಡಬ್ಬಿಯ ತಳ ಬಿಗಿದು, ಎದ್ದು ನಿಂತು ಮೈಮುರಿದು, "ಮುಗೀತು!" ಎಂದು ಕೂಗಿದ. ಕೂಗಿದ ಬಾಯಿ ಮುಚ್ಚುವ ಮೊದಲೇ ಮೇಜಿನ ಮೇಲೆ ಹೊಳೆಯುತ್ತಿದ್ದ ಪುಟ್ಟ ಸ್ಕ್ರೂ ಕಣ್ಣಿಗೆ ಬಿತ್ತು. ಅವನಿಗೇನೂ ಆಶ್ಚರ್ಯವಾಗಲಿಲ್ಲ. ಮುಖ್ಯರಸ್ತೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟು ಹನ್ನೆರಡು ವರ್ಷವಾಗಿತ್ತು. ಯಾವ ಯಂತ್ರ ಬಿಚ್ಚಿ ಜೋಡಿಸಿದರೂ ಕೊನೆಗೆ ಒಂದು ಸ್ಕ್ರೂ ಉಳಿಯುವುದು ಅವನ ಕೈಗುಣ. ಯಂತ್ರವೇನೋ ಹೇಗೋ ಓಡುತ್ತಿತ್ತು. ಬೀದಿಯವರು ಮಾತ್ರ ಅವನ ಹೆಸರು ಮರೆತು 'ಸ್ಕ್ರೂ' ಎಂದೇ ಕರೆಯತೊಡಗಿದ್ದರು. ಇವತ್ತಿನದನ್ನೂ ಅವನು ಅಂಗಿಯ ಜೇಬಿಗೆ ಹಾಕಿಕೊಂಡು, ಡಬ್ಬಿಯನ್ನು ಎತ್ತಿ ಎದೆಗೆ ಅವಚಿಕೊಂಡ.

ಅದು ಅಂತಿಂಥ ಡಬ್ಬಿಯಲ್ಲ. ನೋಡಲು ಮೂರು ಅಂತಸ್ತಿನ ಸ್ಟೀಲಿನ ಊಟದ ಕ್ಯಾರಿಯರ್. ಅಮ್ಮ ಒಂದೇ ಅಂಗಡಿಯಲ್ಲಿ ಜೋಡಿಯಾಗಿ ತಂದ ಎರಡರಲ್ಲಿ ಒಂದನ್ನು ಅವನು ಕೇಳದೆ ಎತ್ತಿಕೊಂಡಿದ್ದ. ಬೆಳಗಿನ ಮಾತ್ರೆಗೆ ಒಂದು ಅಂತಸ್ತು, ಮಧ್ಯಾಹ್ನದ್ದಕ್ಕೆ ಒಂದು, ರಾತ್ರಿಯದಕ್ಕೆ ಒಂದು. ದೇವರೇ ಮಾತ್ರೆಗೆಂದು ಮಾಡಿಸಿಟ್ಟಂತಿತ್ತು. ಮುಚ್ಚಳದೊಳಗೆ ಗಡಿಯಾರ, ಬ್ಯಾಟರಿ, ಸ್ಪೀಕರು. ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಲು ಗಾಜಿನ ಒಂದು ಚೂರು. ಹೊತ್ತಿಗೆ ಸರಿಯಾಗಿ ಡಬ್ಬಿ ಕೂಗುತ್ತದೆ. ರೋಗಿ ಬಂದು ಹೆಬ್ಬೆರಳು ಒತ್ತಿದರೆ ಕೂಗು ನಿಂತು ಮುಚ್ಚಳ ತೆರೆಯುತ್ತದೆ. ಒತ್ತದಿದ್ದರೆ ಮೂರು ನಿಮಿಷಕ್ಕೊಮ್ಮೆ ಇನ್ನೂ ಜೋರಾಗಿ ಕೂಗುತ್ತದೆ. ತೀರಾ ಬೇಕಾದರೆ ಆರಿಸಲು ತಳದಲ್ಲೊಂದು ಸ್ವಿಚ್ಚಿತ್ತು.

ರೋಗಿ ಅಪ್ಪ. ನಿವೃತ್ತ ರೈಲ್ವೆ ಗಾರ್ಡು. ದಿನಕ್ಕೆ ಮೂರು ಹೊತ್ತು ಮಾತ್ರೆ, ಮೂರು ಹೊತ್ತೂ ಮರೆವು. ಮೊದಲು ಅವನು ಗಂಟೆ ಹೊಡೆಯುವ ಡಬ್ಬಿ ಮಾಡಿದ. ಗಂಟೆ ಕೇಳಿದ ಅಪ್ಪ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ಕೈ ಬೀಸಿ, ರೈಲು ಹೊರಡಿಸಿ, ಮಗ್ಗುಲು ಬದಲಾಯಿಸಿದರು. ಆಮೇಲೆ ಸಂಗೀತ ಹಾಕಿದ. ಅಪ್ಪನಿಗೆ ಇನ್ನೂ ಚೆನ್ನಾಗಿ ನಿದ್ದೆ ಹತ್ತಿತು. ಅಪ್ಪನನ್ನು ಕುರ್ಚಿಯಿಂದ ಎಬ್ಬಿಸುವ ಸದ್ದು ಈ ಭೂಮಿಯ ಮೇಲೆ ಒಂದೇ ಎಂದು ಅವನಿಗೆ ಹೊಳೆದದ್ದು ಆಗ. ಅದು ಅಮ್ಮನ ಗಂಟಲು.

ಅಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವಳು. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗನ ಅಂಗಿ ಚಡ್ಡಿಯೊಳಗೆ ಸೇರುವಂತೆ ಮಾಡುತ್ತಿದ್ದಳು. ಮೈಕು ಮುಟ್ಟಿದವಳೇ ಅಲ್ಲ. ಸ್ಕ್ರೂ ಹದಿನೈದು ದಿನ ಅಕ್ಕಿ ಡಬ್ಬದ ಹಿಂದೆ ಫೋನು ಬಚ್ಚಿಟ್ಟು, ಅವಳು ಅಪ್ಪನನ್ನು ಗದರುವುದನ್ನೆಲ್ಲ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡ. ಅದರಿಂದ ಏಳು ಕೂಗು ಆರಿಸಿದ. ಮೊದಲಿನ ನಾಲ್ಕನ್ನು ಜೋಪಾನವಾಗಿ ಕತ್ತರಿಸಿ ಹದ ಮಾಡಿದ. ಐದನೆಯದರವರೆಗೆ ಯಾವ ಗಂಡಸು ತಾನೇ ತಡೆದಾನು ಎಂದು ಉಳಿದ ಮೂರನ್ನು ಪೂರ್ತಿ ಕೇಳದೆಯೇ ತುಂಬಿಸಿಬಿಟ್ಟ.

ಎಂಟು ಗಂಟೆಗೆ ಅಮ್ಮ ಹಾಲು ತರಲು ಹೋಗಿದ್ದಾಗ ಡಬ್ಬಿ ಕೂಗಿತು: "ರೀ, ಹೊತ್ತಾಯ್ತು. ಮಾತ್ರೆ ತಗೊಳ್ಳಿ!"

ಅಪ್ಪ ಸ್ಪ್ರಿಂಗಿನಂತೆ ಎದ್ದರು. ಸುತ್ತ ನೋಡಿದರು. ಅಮ್ಮನಿಲ್ಲ. ಮಗ ತೋರಿಸಿದ ಕಡೆ ಹೆಬ್ಬೆರಳು ಒತ್ತಿದರು. ಮುಚ್ಚಳ ಟಪ್ಪನೆ ತೆರೆಯಿತು. ಮಾತ್ರೆ ನುಂಗಿ ಪೆಚ್ಚಾಗಿ ಕೇಳಿದರು, "ಏನೋ ಇದು, ಅವಳಿಲ್ದೇ ಇದ್ರೂ ಬೈತಾಳೆ?"

ಸ್ಕ್ರೂ ಅಡುಗೆಮನೆಗೆ ಹಾರಿಕೊಂಡೇ ಹೋದ. "ನೋಡಿದ್ಯಾ? ನೋಡಿದ್ಯಾ? ಒಂದೇ ಕೂಗಿಗೆ ಎದ್ರು!"

ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನಾನು ನೋಡಿದ್ರೆ ಏನು ಬಂತು? ಮೂರು ಗಂಟೆಗೆ ಡಾಕ್ಟರಮ್ಮ ಬರ್ತಾರೆ, ಅವರು ನೋಡ್ಲಿ. ಅವರು ಒಪ್ಪಿದ್ರೆ ಹಿಂದಿನ ರೂಮು ನಿಮ್ದೇ, ಮತ್ತೆ ನಾನು ಅದರ ಮಾತೇ ಎತ್ತಲ್ಲ. ಒಪ್ಪಲಿಲ್ವೋ, ನಾಳೆ ಬೆಳಿಗ್ಗೆ ನನ್ನ ಹೊಲಿಗೆ ಮಷಿನ್ನು ಒಳಗೆ, ನಿಮ್ಮ ತಂತಿ ಗಂಟು ಹೊರಗೆ. ನೆನಪಿದೆ ತಾನೇ?"

ನೆನಪಿತ್ತು. ಆ ಹಿಂದಿನ ರೂಮೊಂದೇ ಈ ಲೋಕದಲ್ಲಿ ಅವನದೆಂದು ಇದ್ದ ಜಾಗ. ಎಂಟಡಿ ಉದ್ದ, ಏಳಡಿ ಅಗಲ, ಒಂದು ಕಿಟಕಿ, ಗಟ್ಟಿಮುಟ್ಟಾದ ಒಂದು ಬಾಗಿಲು. ಆ ಬಾಗಿಲು ಹಾಕಿಕೊಂಡರೆ ಅವನು ಸ್ಕ್ರೂ ಅಲ್ಲ, ವಿಜ್ಞಾನಿ. ಅದು ಕೈತಪ್ಪಿದರೆ ತಾನು ಬದುಕಿದ್ದೂ ಸತ್ತಂತೆ ಎಂದು ಅವನಿಗೆ ನಿಜವಾಗಿಯೂ ಅನಿಸುತ್ತಿತ್ತು.

ಆ ಉತ್ಸಾಹದಲ್ಲಿ ಅವನೊಂದು ಕೆಲಸ ಮಾಡಿದ. ಡಾಕ್ಟರಮ್ಮ ಒಳಗೆ ಕಾಲಿಡುತ್ತಲೇ ಕಾಣಲೆಂದು ಡಬ್ಬಿಯನ್ನು ಒರೆಸಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಇಟ್ಟ. ಇಟ್ಟು ಸ್ನಾನಕ್ಕೆ ಹೋದ. ಕೆಳಗಿನ ಮನೆಯ ಕ್ಯಾಷಿಯರಿನ ಹೆಂಡತಿ ತವರಿಗೆ ಹೋಗಿ ತಿಂಗಳಾಗಿತ್ತು. ಅಮ್ಮ ಪಾಪ ಅಂದುಕೊಂಡು ದಿನಾ ಅವನಿಗೆ ಊಟ ಕಟ್ಟಿ ಅದೇ ಸ್ಟೂಲಿನ ಮೇಲೆ ಇಡುತ್ತಿದ್ದಳು. ಅವನು ಒಂಬತ್ತೂವರೆಗೆ ಬಂದು ಎತ್ತಿಕೊಂಡು ಬ್ಯಾಂಕಿಗೆ ಹೋಗುತ್ತಿದ್ದ. ಇದು ಸ್ಕ್ರೂಗೆ ಚೆನ್ನಾಗಿ ಗೊತ್ತಿತ್ತು. ಮರೆವಿಗೆ ಯಂತ್ರ ಕಂಡುಹಿಡಿದವನು ಇದೊಂದನ್ನು ಮರೆತ.

ಮಧ್ಯಾಹ್ನ ಒಂದಕ್ಕೆ ಕಾಲು ಗಂಟೆಯಿತ್ತು. ಸ್ಟೂಲಿನ ಮೇಲೆ ಡಬ್ಬಿಯಿರಲಿಲ್ಲ. ಊಟದ ಮೇಜಿನ ಮೇಲಿತ್ತು. ಅಮ್ಮ ಎತ್ತಿಟ್ಟಿರಬೇಕೆಂದುಕೊಂಡು ಅವನು ಅಪ್ಪನನ್ನು ಕರೆದು ಕೂರಿಸಿದ. "ಅಪ್ಪಾ, ಡಾಕ್ಟರಮ್ಮನ ಮುಂದೆ ಹೇಗೆ ಮಾಡ್ಬೇಕು ಅಂತ ಒಂದ್ಸಲ ನೋಡ್ಕೊಳ್ಳೋಣ. ಹೆಬ್ಬೆರಳು ಇಲ್ಲಿ..."

ಇಲ್ಲಿ ಗಾಜಿನ ಚೂರೇ ಇರಲಿಲ್ಲ. ಅವನು ಗಾಬರಿಯಿಂದ ಮುಚ್ಚಳ ಎತ್ತುವಷ್ಟರಲ್ಲಿ ಅಪ್ಪ ಒಳಗೆ ಕೈ ಹಾಕಿ ಒಂದು ತುತ್ತು ಬಾಯಿಗಿಟ್ಟಾಗಿತ್ತು. ಎಣ್ಣೆ ತೇಲುವ ಬದನೆಕಾಯಿ.

"ಈ ಮಾತ್ರೆ ಬಹಳ ಚೆನ್ನಾಗಿದೆ ಕಣೋ. ದಿನಾ ಇದನ್ನೇ ಕೊಡು," ಎಂದರು.

"ಅಮ್ಮಾ! ಬೆಳಿಗ್ಗೆ ಕ್ಯಾಷಿಯರು ಏನು ತಗೊಂಡು ಹೋದ?"

"ನಾನು ಕ್ಯಾರಿಯರ್ ತರೋ ಹೊತ್ತಿಗೆ ಅವನು ಹೋಗಾಗಿತ್ತಪ್ಪ," ಎಂದಳು ಅಮ್ಮ ಒಳಗಿನಿಂದ. "ಉಪವಾಸ ಬೀಳ್ತಾನೆ ಇವತ್ತು. ಯಾಕೆ?"

ಯಾಕೆಂದು ಹೇಳುವಂತಿರಲಿಲ್ಲ. ಅಮ್ಮನ ಗಂಟಲನ್ನು ಕದ್ದದ್ದು ಅಮ್ಮನಿಗಿನ್ನೂ ಗೊತ್ತಿರಲಿಲ್ಲ. ಕೂಗುವ ಡಬ್ಬಿ ಬ್ಯಾಂಕಿನಲ್ಲಿ, ಅದನ್ನು ನಿಲ್ಲಿಸುವ ಹೆಬ್ಬೆರಳು ಇಲ್ಲಿ. ಅವನು ಹೆಬ್ಬೆರಳನ್ನು, ಅದರ ಜೊತೆಗೆ ಅಪ್ಪನನ್ನೂ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟ. ಅಪ್ಪ ದಾರಿಯುದ್ದಕ್ಕೂ ಕೈ ಬೀಸಿ ಹಿಂದಿನ ವಾಹನಗಳಿಗೆ ದಾರಿ ತೋರಿಸುತ್ತಿದ್ದರು.

ಬ್ಯಾಂಕಿನ ಕಬ್ಬಿಣದ ಬಾಗಿಲು ಎಳೆದಿತ್ತು. ಕಾವಲುಗಾರ ಗಡಿಯಾರ ತೋರಿಸಿದ. "ಊಟದ ಹೊತ್ತು. ಒಂದೂವರೆಗೆ ಬನ್ನಿ."

"ಅಣ್ಣಾ, ಒಂದು ನಿಮಿಷ. ಒಳಗೆ ನನ್ನ ಡಬ್ಬಿ ಇದೆ."

"ಎಲ್ಲರ ಡಬ್ಬಿನೂ ಒಳಗೇ ಇದೆ. ಅದಕ್ಕೇ ಊಟದ ಹೊತ್ತು ಅನ್ನೋದು."

ಆಗ ಒಂದು ಗಂಟೆಯಾಯಿತು. ಒಳಗಿನಿಂದ ಗೋಡೆಗಳಿಗೆ ಬಡಿದು ಬರುವಂತೆ ಅಮ್ಮನ ದನಿ ಕೇಳಿತು. "ರೀ, ಹೊತ್ತಾಯ್ತು. ಮಾತ್ರೆ ತಗೊಳ್ಳಿ!"

ಅಪ್ಪ ಅಲ್ಲೇ ನೆಟ್ಟಗೆ ನಿಂತರು. "ಇಲ್ಲಿಗೂ ಬಂದ್ಲಾ?"

ಒಳಗೆ ಕುರ್ಚಿಗಳು ಸರಿದವು. ದನಿ ಬಂದದ್ದು ಊಟದ ಡಬ್ಬಿಗಳನ್ನಿಡುವ ಕಬ್ಬಿಣದ ಕಪಾಟಿನಿಂದ. ಕಪಾಟಿನ ಬೀಗದ ಕೈ ಯಾರ ಬಳಿಯಿದೆಯೆಂದು ಎಲ್ಲರೂ ಎಲ್ಲರನ್ನೂ ಕೇಳತೊಡಗಿದರು. ಮೂರು ನಿಮಿಷಕ್ಕೆ ಕಪಾಟು ಮತ್ತೆ ಗುಡುಗಿತು: "ಕೇಳಿಸ್ತಾ ಇಲ್ವಾ? ಕಿವೀಲಿ ಹತ್ತಿ ಇಟ್ಕೊಂಡಿದ್ದೀರಾ?"

"ಅಯ್ಯೋ, ಯಾರೋ ಹೆಂಗಸನ್ನ ಕಪಾಟಿನೊಳಗೆ ಹಾಕಿ ಬೀಗ ಹಾಕಿದ್ದಾರೆ!" ಎಂದು ಪಾಸ್‌ಬುಕ್ ಕೌಂಟರಿನ ಹೆಂಗಸು ಚೀರಿದಳು. ಕಾವಲುಗಾರ ಬಾಗಿಲು ಬಿಟ್ಟು ಒಳಗೋಡಿದ. ಅವನ ಹಿಂದೆಯೇ ಸ್ಕ್ರೂ, ಸ್ಕ್ರೂನ ಹಿಂದೆ ಅಪ್ಪ.

ಕಪಾಟು ತೆರೆದಾಗ ಎಲ್ಲರ ಡಬ್ಬಿಗಳ ನಡುವೆ ಅದು ಹೊಳೆಯುತ್ತ ಕೂತಿತ್ತು. ಅದನ್ನು ಎತ್ತಿ ಕ್ಯಾಷಿಯರಿನ ಮೇಜಿನ ಮೇಲಿಟ್ಟರು. ಕ್ಯಾಷಿಯರು ಬೆವರು ಒರೆಸಿಕೊಂಡು, "ಬೆಳಿಗ್ಗೆಯೇ ಅಂದ್ಕೊಂಡೆ, ಇವತ್ತು ಊಟ ಭಾರವಾಗಿದೆ ಅಂತ," ಎಂದ.

ಸ್ಕ್ರೂ ಡಬ್ಬಿಯನ್ನು ತಲೆಕೆಳಗು ಮಾಡಿ ಸ್ವಿಚ್ಚು ಒತ್ತಿದ. ಅದು ಕಿತ್ತುಕೊಂಡು ಅವನ ಕೈಗೇ ಬಂತು. ಅವನು ಇನ್ನೊಂದು ಕೈಯಿಂದ ಜೇಬು ಮುಟ್ಟಿ ನೋಡಿಕೊಂಡ. ಅದನ್ನು ಹಿಡಿದಿಡಬೇಕಾಗಿದ್ದ ಸ್ಕ್ರೂ ಅಲ್ಲಿ ತಣ್ಣಗೆ ಮಲಗಿತ್ತು.

"ಅಪ್ಪಾ, ಹೆಬ್ಬೆರಳು!"

ಅಪ್ಪ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಗಾಜಿನ ಮೇಲೆ ಬದನೆಕಾಯಿಯ ಎಣ್ಣೆ ಹರಡಿತು. ಡಬ್ಬಿಗೆ ಒಡೆಯನ ಗುರುತೇ ಸಿಗಲಿಲ್ಲ.

ಅಷ್ಟರಲ್ಲಿ ಗಲಾಟೆ ಕೇಳಿ ಮ್ಯಾನೇಜರು ತಮ್ಮ ಗಾಜಿನ ಕೋಣೆಯಿಂದ ಹೊರಗೆ ಬಂದರು. ಭಾರಿ ಆಳು, ಭಾರಿ ಮೀಸೆ. "ಏನ್ರೀ ಇದು? ಬ್ಯಾಂಕೋ, ಸಂತೆಯೋ?" ಎಂದು ಅಬ್ಬರಿಸುವಷ್ಟರಲ್ಲಿ ಡಬ್ಬಿ ಮೂರನೇ ಸಲ ಕೂಗಿತು.

"ಮಾತ್ರೆ ನುಂಗಿದ್ರಾ, ಇಲ್ವಾ? ಬಾಯಿ ಬಿಟ್ಟು ಹೇಳಿ!"

ಮ್ಯಾನೇಜರು ಎರಡೂ ಕಾಲು ಜೋಡಿಸಿ, ಕೈ ತೊಡೆಗೆ ಅಂಟಿಸಿ ನಿಂತರು. "ಇಲ್ಲ ಟೀಚರ್," ಎಂದರು. ಹೇಳಿದ ಮೇಲೆ ತಾವೇ ಬೆಚ್ಚಿಬಿದ್ದರು. "ಇದು... ಇದು ನಮ್ಮ ಡ್ರಿಲ್ ಟೀಚರ್ ದನಿ ಅಲ್ವಾ? ಎಲ್ಲಿದ್ದಾರೆ?" ಉತ್ತರಕ್ಕೂ ಕಾಯದೆ ಕೋಣೆಗೆ ಹೋಗಿ, ಮೇಜಿನ ಖಾನೆಯಿಂದ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದು ನುಂಗಿ ಬಂದರು. "ಹತ್ತು ದಿನದಿಂದ ಮರೆತೇಬಿಟ್ಟಿದ್ದೆ," ಎಂದು ತಪ್ಪೊಪ್ಪಿಕೊಂಡರು.

ನಾಲ್ಕನೆಯ ಕೂಗು ಶುದ್ಧ ಡ್ರಿಲ್ಲು. "ಎದ್ದು ನಿಂತ್ಕೊಳ್ಳಿ! ಮಾತ್ರೆ ಬಾಯಿಗೆ! ನೀರು ಬಾಯಿಗೆ! ಒಂದು, ಎರಡು, ಮೂರು!" ಪಾಸ್‌ಬುಕ್ಕಿನ ಹೆಂಗಸು ಮೂರು ಎನ್ನುವಷ್ಟರಲ್ಲಿ ತನ್ನ ಥೈರಾಯ್ಡ್ ಮಾತ್ರೆ ನುಂಗಿದಳು. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಗಿರಾಕಿಯೊಬ್ಬರು ಜೇಬಿನಿಂದ ಏನೋ ತೆಗೆದು ಬಾಯಿಗೆ ಹಾಕಿಕೊಂಡರು. ಕಾವಲುಗಾರನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅವನು ಬರೀ ನೀರು ಕುಡಿದ.

ಸ್ಕ್ರೂಗೆ ಭಯವೂ ಹೆಮ್ಮೆಯೂ ಒಟ್ಟಿಗೇ ಉಕ್ಕಿದವು. ತನ್ನ ಯಂತ್ರ ಇಡೀ ಬ್ಯಾಂಕಿಗೆ ಮಾತ್ರೆ ನುಂಗಿಸುತ್ತಿದೆ! ಆದರೆ ಮುಂದಿನದು ಐದನೆಯದು, ತಾನೇ ಕೇಳದೆ ಇದ್ದದ್ದು. ಅವನು ಅಪ್ಪನನ್ನು ನಲ್ಲಿಗೆ ಎಳೆದುಕೊಂಡು ಹೋದ. ಬ್ಯಾಂಕಿನ ಬಚ್ಚಲಲ್ಲಿ ಸೋಪು ಇರಲಿಲ್ಲ. ಬರೀ ನೀರಲ್ಲಿ ಉಜ್ಜುತ್ತಿರುವಾಗಲೇ ಹೊರಗೆ ಡಬ್ಬಿ ಬಾಯಿ ಬಿಟ್ಟಿತು.

"ನಿಮಗೆ ಹೇಳೋದೂ ಒಂದೇ, ಆ ಕೆಳಗಿನ ಮನೆ ಕ್ಯಾಷಿಯರ್‌ಗೆ ಹೇಳೋದೂ ಒಂದೇ! ತಿಂಗಳಿಂದ ಊಟ ಕಟ್ತಿದ್ದೀನಿ, ಒಂದು ದಿನ ಕ್ಯಾರಿಯರ್ ತೊಳೆದು ವಾಪಸ್ ಕೊಟ್ಟಿದ್ದಾನಾ ಆ ಮನುಷ್ಯ? ನಮ್ಮನೆ ಪೇಪರ್ ನಮಗಿಂತ ಮೊದಲು ಓದ್ತಾನೆ, ಪದಬಂಧಾನೂ ತುಂಬಿಸ್ತಾನೆ. ಅದನ್ನಾದ್ರೂ ನೆಟ್ಟಗೆ ತುಂಬಿಸ್ತಾನಾ? ಎಲ್ಲಾ ತಪ್ಪು!"

ಎಲ್ಲರೂ ಕ್ಯಾಷಿಯರನ್ನು ನೋಡಿದರು. ಅವನು ಮೇಜಿನ ಕೆಳಗೆ ಬಿದ್ದೇ ಇರದ ಪೆನ್ನು ಹುಡುಕಲು ಬಗ್ಗಿದ.

ಸ್ಕ್ರೂ ಅಪ್ಪನ ಹೆಬ್ಬೆರಳನ್ನು ತನ್ನ ಅಂಗಿಗೇ ಒರೆಸಿ ಕರೆತಂದ. ಗಾಜನ್ನೂ ಒರೆಸಿದ. ಅಷ್ಟರಲ್ಲಿ ಆರನೆಯ ಕೂಗು ಶುರುವಾಗಿತ್ತು. "ಇನ್ನು ಆ ಬ್ಯಾಂಕ್ ಮ್ಯಾನೇಜರ್ ಇದ್ದಾನಲ್ಲ, ಅವನು ಶಾಲೇಲಿದ್ದಾಗ..."

ಅಪ್ಪ ಒತ್ತಿದರು. ಡಬ್ಬಿ ಬಾಯಿ ಮುಚ್ಚಿತು, ಮುಚ್ಚಳ ತೆರೆಯಿತು. ಅಪ್ಪ ಮಾತ್ರೆ ನುಂಗಿ, ಜನರೆಲ್ಲ ನೋಡುತ್ತಿರುವುದನ್ನು ಕಂಡು, ರೈಲು ಹೊರಡಬಹುದೆಂಬಂತೆ ಕೈ ಎತ್ತಿದರು. ಬ್ಯಾಂಕಿಗೆ ಬ್ಯಾಂಕೇ ಚಪ್ಪಾಳೆ ತಟ್ಟಿತು. ಮ್ಯಾನೇಜರೊಬ್ಬರು ತಟ್ಟಲಿಲ್ಲ.

"ಶಾಲೇಲಿದ್ದಾಗ ಏನಂತೆ?" ಎಂದು ಮೆಲ್ಲಗೆ ಕೇಳಿದರು.

ಮೂರು ಗಂಟೆಗೆ ಡಾಕ್ಟರಮ್ಮ ಮನೆಗೆ ಬಂದಾಗ ಕೂರಲು ಜಾಗವಿರಲಿಲ್ಲ. ಟೀಚರಿಗೆ ನಮಸ್ಕಾರ ಮಾಡಿ ಹೋಗುತ್ತೇನೆಂದು ಮ್ಯಾನೇಜರು ಬಂದಿದ್ದರು. ಮೇಜಿನ ಮೇಲೆ ಉಳಿದಿದ್ದ ಊಟ ಉಂಡು, ಕ್ಯಾರಿಯರ್ ತೊಳೆದು ಕೊಡುತ್ತೇನೆಂದು ಕ್ಯಾಷಿಯರು ಬಂದಿದ್ದ; ತಿಂಗಳಲ್ಲಿ ಮೊದಲ ಸಲ. ತನ್ನ ಅತ್ತೆಗೂ ಇಂಥದೊಂದು ಬೇಕೆಂದು ಪಾಸ್‌ಬುಕ್ಕಿನ ಹೆಂಗಸು ಬಂದಿದ್ದಳು. ಅಮ್ಮನಿಗೆ ಎಲ್ಲ ತಿಳಿದುಹೋಗಿತ್ತು. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನನ್ನ ಗಂಟಲನ್ನ ಡಬ್ಬೀಲಿ ತುಂಬಿಸಿ ಊರೆಲ್ಲಾ ತಿರುಗಿಸಿದ್ದೀಯಾ?"

"ಅಮ್ಮಾ, ವಿಜ್ಞಾನಕ್ಕೋಸ್ಕರ..."

"ಬಾಯ್ಮುಚ್ಚು. ಡಾಕ್ಟರಮ್ಮ ಮಾತಾಡ್ಲಿ."

ಡಾಕ್ಟರಮ್ಮ ನಡೆದದ್ದನ್ನೆಲ್ಲ ಕೇಳಿದರು. ಅಪ್ಪನ ರಕ್ತದೊತ್ತಡ ನೋಡಿದರು. ಮ್ಯಾನೇಜರಿಗೆ ನಾಲ್ಕು ಪ್ರಶ್ನೆ ಹಾಕಿದರು. ಡಬ್ಬಿಯನ್ನು ಒಮ್ಮೆ ಕೂಗಿಸಿ ಕೇಳಿದರು. ಕೇಳಿ ತಾವೂ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಬಾಗಿಲ ಬಳಿ ಹೆಂಡತಿ ಕಿವಿಗೊಟ್ಟು ನಿಂತಿದ್ದಳು.

"ಇಪ್ಪತ್ತು ವರ್ಷದಿಂದ ಪೇಷಂಟ್‌ಗಳಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ," ಎಂದರು ಡಾಕ್ಟರಮ್ಮ. "ಒಬ್ರೂ ಹೊತ್ತಿಗೆ ಮಾತ್ರೆ ತಗೊಳ್ಳಲ್ಲ. ಇದು ಅದ್ಭುತ! ನಾನು ಒಪ್ಪಿದೆ. ನನ್ನ ಮೂವತ್ತು ಪೇಷಂಟ್‌ಗಳಿಗೂ ಬೇಕು, ನಾಳೆಯಿಂದಲೇ."

ಸ್ಕ್ರೂ ಹಾರಿದ. ನಿಜವಾಗಿಯೂ ನೆಲ ಬಿಟ್ಟು ಹಾರಿದ. ಕ್ಯಾಷಿಯರನ್ನು ತಬ್ಬಿಕೊಂಡ. ಹೆಂಡತಿಯ ಕಡೆ ತಿರುಗಿ ಬೆರಳಿನಿಂದ ಹಿಂದಿನ ರೂಮು ತೋರಿಸಿ, ಆಮೇಲೆ ತನ್ನ ಎದೆ ತೋರಿಸಿಕೊಂಡ. "ಮೂವತ್ತು ಡಬ್ಬಿ ತಾನೇ? ಹದಿನೈದು ದಿನ ಕೊಡಿ ಮೇಡಂ, ರೂಮಿನ ಬಾಗಿಲು ಹಾಕ್ಕೊಂಡು ಕೂತರೆ..."

"ಡಬ್ಬಿ ಯಾಕೆ?" ಎಂದರು ಡಾಕ್ಟರಮ್ಮ.

"ಅಂದ್ರೆ?"

"ಡಬ್ಬಿ ಬೇಡಪ್ಪ, ಅದು ಎಣ್ಣೆ ಕೈಗೆ ತೆರೆಯಲ್ಲ, ಸ್ವಿಚ್ಚು ಬೇರೆ ಕಿತ್ತು ಬರುತ್ತೆ. ದನಿ ಸಾಕು! ಎಲ್ಲರ ಹತ್ರನೂ ಫೋನಿದೆ, ಅಲಾರಾಂ ಇದೆ. ಟೀಚರ್, ನೀವು ಒಬ್ಬೊಬ್ಬರ ಹೆಸರು ಹಿಡಿದು ಗದರಿ ಕಳಿಸಿದ್ರೆ ಆಯ್ತು. ಏನಂತೀರಿ?"

ಅಮ್ಮನ ಕೈ ಸೊಂಟದಿಂದ ಇಳಿಯಿತು. ನಿವೃತ್ತಿಯಾಗಿ ಎಂಟು ವರ್ಷ ಒಬ್ಬ ಗಂಡನ ಮೇಲೆ ಮಾತ್ರ ಖರ್ಚಾಗುತ್ತಿದ್ದ ಗಂಟಲಿಗೆ ಒಮ್ಮೆಗೇ ಮೂವತ್ತು ಜನ ಸಿಕ್ಕಿದ್ದರು. ಅವಳ ಮುಖ ಮೈದಾನದ ಬಿಸಿಲು ಬಿದ್ದಂತೆ ಬೆಳಗಿತು. "ಮಾಡ್ಬಹುದು," ಎಂದಳು. "ಆದ್ರೆ ಸದ್ದಿಲ್ಲದ ಜಾಗ ಬೇಕು. ಗಟ್ಟಿ ಬಾಗಿಲು ಇರ್ಬೇಕು."

ಎಲ್ಲರೂ ಒಂದೇ ಕಡೆ ನೋಡಿದರು.

"ಅತ್ತೆ, ಹಿಂದಿನ ರೂಮೇ ಸರಿ," ಎಂದಳು ಹೆಂಡತಿ. "ಪಟ್ಟಿ ಬರೆದುಕೊಳ್ಳೋಕೆ ನಾನು ಜೊತೇಲಿರ್ತೀನಿ. ಹೇಗೂ ಇರ್ತೀನಲ್ಲ, ಮಷಿನ್ನೂ ಒಂದು ಮೂಲೆಗೆ ಹಾಕ್ಕೊಳ್ತೀನಿ."

"ಆದ್ರೆ ಡಾಕ್ಟರಮ್ಮ ಒಪ್ಪಿದ್ದಾರೆ!" ಎಂದು ಸ್ಕ್ರೂ ಕಿರುಚಿದ. "ಒಪ್ಪಿದ್ರೆ ರೂಮು ನಂದು ಅಂತ ನೀನೇ..."

"ನಾನೆಲ್ಲಿ ಮಾತು ತಪ್ಪಿದೆ? ರೂಮು ನಾನು ಕೇಳ್ಲಿಲ್ಲ. ನಿಮ್ಮ ಅಮ್ಮ ಕೇಳಿದ್ರು. ಬೇಡ ಅನ್ನಿ."

ಅವನು ಅಮ್ಮನ ಮುಖ ನೋಡಿದ. ಅಮ್ಮ ಅವನ ಮುಖ ನೋಡಿದಳು. ಮ್ಯಾನೇಜರು ಅವನ ಬೆನ್ನು ತಟ್ಟಿದರು, ಅದೇ ಶಾಲೆಯಲ್ಲಿ ಓದಿದವರಂತೆ.

ಸಂಜೆ ಐದಕ್ಕೆ ಅವನ ತಂತಿ, ಇಕ್ಕಳ, ಬ್ಯಾಟರಿಗಳೆಲ್ಲ ಬಾಗಿಲ ಹೊರಗೆ, ಮೆಟ್ಟಿಲ ಬಳಿ ಬಂದಿದ್ದವು. ಕೂರಲು ಅದೇ ಸ್ಟೂಲು ಕೊಟ್ಟಿದ್ದರು. ಡಬ್ಬಿಯನ್ನು ಅಮ್ಮ ಬಿಚ್ಚಿಸಿ, ತೊಳೆದು, ಕ್ಯಾಷಿಯರಿನ ನಾಳಿನ ಊಟಕ್ಕೆಂದು ಕವುಚಿಟ್ಟಿದ್ದಳು. ಅವನು ಸಿಟ್ಟಿನಿಂದ ಒಂದು ಹಳೆಯ ಫ್ಯಾನು ಎತ್ತಿಕೊಂಡು ಸುತ್ತಿಗೆಯಿಂದ ಬಡಿಯತೊಡಗಿದ. ಒಳಗೆ ರೆಕಾರ್ಡಿಂಗ್ ನಡೆದಿತ್ತು. ಮೂವತ್ತು ಹೆಸರನ್ನು ಬೇರೆ ಬೇರೆ ಹೇಳಿ, ಬೈಗುಳವನ್ನು ಮಾತ್ರ ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳುವುದೆಂದು ಸೊಸೆ ಉಪಾಯ ಮಾಡಿದ್ದಳು. ಎಲ್ಲವನ್ನೂ ಅವಳೇ ಜೋಡಿಸಿದಳು. ಕೊನೆಯದನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ಅವಳಿಗೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಸ್ಕ್ರೂ ಅಂಗಡಿಗೆಂದು ಬೀದಿಯಲ್ಲಿ ನಡೆದು ಹೋಗುತ್ತಿದ್ದ. ಸರಿಯಾಗಿ ಒಂದು ಗಂಟೆಗೆ ಎಡಗಡೆಯ ಮನೆಗಳಿಂದ, ಬಲಗಡೆಯ ಮನೆಗಳಿಂದ, ಮಹಡಿಗಳಿಂದ, ಬ್ಯಾಂಕಿನ ಕಿಟಕಿಯಿಂದ ಒಟ್ಟಿಗೇ ಅಮ್ಮನ ದನಿ ಮೊಳಗಿತು.

"ಎದ್ದು ನಿಂತ್ಕೊಳ್ಳಿ! ಮಾತ್ರೆ ಬಾಯಿಗೆ, ನೀರು ಬಾಯಿಗೆ! ಒಂದು, ಎರಡು, ಮೂರು! ಲೋ ಸ್ಕ್ರೂ, ಕತ್ತೆ, ಹೊರಗೆ ಆ ಕುಟ್ಟೋದು ನಿಲ್ಲಿಸ್ತೀಯಾ ಇಲ್ವಾ?"

ಅವನು ನಡುಬೀದಿಯಲ್ಲಿ ಕಾಲು ಜೋಡಿಸಿ ನಿಂತುಬಿಟ್ಟ. ಆಮೇಲೆ ಎದ್ದೆನೋ ಬಿದ್ದೆನೋ ಎಂದು ಡಾಕ್ಟರಮ್ಮನ ಕ್ಲಿನಿಕ್ಕಿಗೆ ಓಡಿ, ಆ ಕೊನೆಯ ಸಾಲನ್ನು ಕತ್ತರಿಸಿಕೊಡುತ್ತೇನೆ, ಐದೇ ನಿಮಿಷದ ಕೆಲಸ ಎಂದು ಗೋಗರೆದ.

"ಅದನ್ನ ಮಾತ್ರ ಮುಟ್ಬೇಡಪ್ಪ," ಎಂದರು ಡಾಕ್ಟರಮ್ಮ. "ಬೆಳಿಗ್ಗೆಯಿಂದ ಎಲ್ಲರೂ ಫೋನ್ ಮಾಡಿ ಹೇಳ್ತಿದ್ದಾರೆ. ಮಾತ್ರೆ ಗಂಟಲಲ್ಲಿ ಇಳಿಯೋದೇ ಆ ಸಾಲಿಗಂತೆ."